ಭೂಪಟವನ್ನು ನೆಲಕ್ಕೆ ಹಾಸಿದ ಮೇಲೆ

ತುಂಗಭದ್ರಾ ಎಡದಂಡೆ ಕಾಲುವೆಯ ಊರೊಂದರಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ಎಂಟನೇ ತರಗತಿಯಲ್ಲಿ ಈಜಿಪ್ಟ್, ಮೆಸೊಪೊಟೇಮಿಯ (ಇಂದಿನ ಇರಾಕಿನ ಸುತ್ತಿನ ನಾಡು), ಚೀನಾ ನಾಗರಿಕತೆಗಳು ಬರುತ್ತವೆ. ಮೊದಮೊದಲು ನಾನು ಪಿರಮಿಡ್, ಮಮ್ಮಿ, ಬ್ಯಾಬಿಲೋನಿನ ದೊರೆ ಹಮ್ಮುರಾಬಿ ಅಂತಲೇ ಪಾಠ ಶುರು ಮಾಡುತ್ತಿದ್ದೆ. ‘ಈಜಿಪ್ಟ್ ನೈಲ್ ನದಿಯ ವರದಾನ’ ಎಂದು ಪರೀಕ್ಷೆಯಲ್ಲಿ ಎಲ್ಲರೂ ತಪ್ಪಿಲ್ಲದೆ ಬರೆಯುತ್ತಿದ್ದರು. ಯಾಕೆ ವರದಾನ ಅಂತ ಕೇಳಿದರೆ ‘ನೀರು ಕೊಡ್ತೈತ್ರಿ’ ಅನ್ನುವಲ್ಲಿಗೆ ಉತ್ತರ ಮುಗಿಯುತ್ತಿತ್ತು. ನೀರು ಎಲ್ಲ ನದಿಯೂ ಕೊಡುತ್ತೆ, ಅಲ್ವಾ?

ಒಂದು ದಿನ ಗೋಡೆಯ ಮೇಲಿನ ಆಫ್ರಿಕಾ ಭೂಪಟ ತೋರಿಸಿ, ನೈಲ್ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತೆ ಅಂದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಸರ್, ನದಿ ಮ್ಯಾಲಕ್ಕ ಹ್ಯಾಂಗ ಹರಿತೈತ್ರಿ?’

ಒಳ್ಳೆಯ ಪ್ರಶ್ನೆ. ಭೂಪಟ ಯಾವಾಗಲೂ ಗೋಡೆಯಲ್ಲೇ ತೂಗುವುದರಿಂದ ಉತ್ತರ ಅಂದರೆ ಮೇಲೆ ಅಂತ ಮಕ್ಕಳ ತಲೆಯಲ್ಲಿ ಕೂತಿರುತ್ತೆ. ಆಗಲೇ ಭೂಪಟ ಇಳಿಸಿ, ವರಾಂಡದ ನೆಲದ ಮೇಲೆ ಉತ್ತರ ದಿಕ್ಕಿಗೆ ಸರಿಯಾಗಿ ಹಾಸಿದೆ. ಮಕ್ಕಳು ಸುತ್ತಲೂ ಕೂತರು. ಆಮೇಲೆ ಅಂಗಳದಲ್ಲಿ ಮಣ್ಣು ಗುಡ್ಡೆ ಹಾಕಿ ನೈಲ್ ಮಾಡಿದೆವು. ದಕ್ಷಿಣದಲ್ಲಿ ಇಥಿಯೋಪಿಯದ ಎತ್ತರದ ಸೀಮೆ, ಉತ್ತರದಲ್ಲಿ ಮೆಡಿಟರೇನಿಯನ್ ಸಮುದ್ರ. ಗುಡ್ಡೆಯ ಮೇಲೆ ಚೊಂಬಿನಿಂದ ನೀರು ಸುರಿದಾಗ ಕೆಂಪು ನೀರು ಇಳಿದು, ಸಮತಟ್ಟಾದ ಜಾಗದಲ್ಲಿ ಹರಡಿ, ನಯವಾದ ಕೆಸರು ಬಿಟ್ಟು ಹೋಯಿತು. ಹುಡುಗರು ಆ ಕೆಸರನ್ನು ಬೆರಳಿಂದ ಮುಟ್ಟಿ ನೋಡಿದರು. ದಕ್ಷಿಣದ ಭಾಗಕ್ಕೆ ‘ಮೇಲಿನ ಈಜಿಪ್ಟ್’ ಅಂತ ಯಾಕೆ ಹೆಸರು ಅನ್ನೋದನ್ನ ನಾನು ಹೇಳಬೇಕಾಗಲಿಲ್ಲ.

ಈಜಿಪ್ಟಿನಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮಲ್ಲಿ ಮುಂಗಾರು ಸುರಿಯುವ ಹೊತ್ತಿಗೇ ಇಥಿಯೋಪಿಯದಲ್ಲೂ ಜೋರು ಮಳೆ. ಆ ನೀರು ನೈಲ್‌ನ ಉಪನದಿ ನೀಲಿ ನೈಲ್ ಹಿಡಿದು ಬಂದು, ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಹೊಲಗಳನ್ನು ತುಂಬುತ್ತಿತ್ತು. ಪ್ರವಾಹ ಇಳಿದ ಮೇಲೆ ಬಿತ್ತನೆ, ಬೇಸಿಗೆಯ ಮೊದಲೇ ಕೊಯ್ಲು. ಹೊಲ ಖಾಲಿಯಿದ್ದಾಗ ನೀರು ಬರುತ್ತಿತ್ತು. ಇದು ದೊಡ್ಡ ಅದೃಷ್ಟ.

ಮೆಸೊಪೊಟೇಮಿಯಕ್ಕೆ ಆ ಅದೃಷ್ಟ ಇರಲಿಲ್ಲ. ಟೈಗ್ರಿಸ್, ಯೂಫ್ರಟಿಸ್ ನದಿಗಳು ಉತ್ತರದ ಬೆಟ್ಟಗಳ ಹಿಮ ಕರಗಿ ಏಪ್ರಿಲ್, ಮೇನಲ್ಲಿ ಉಕ್ಕುತ್ತಿದ್ದವು. ಅದು ಬೆಳೆ ಕೊಯ್ಲಿಗೆ ನಿಂತ ಸಮಯ. ಹಾಗಾಗಿ ಒಡ್ಡು ಕಟ್ಟಬೇಕು, ಕಾಲುವೆ ತೋಡಬೇಕು, ಹೂಳು ತೆಗೆಯುತ್ತಿರಬೇಕು. ಹಮ್ಮುರಾಬಿಯ ಕಾನೂನನ್ನು ನಾನು ಈಗ ಇಲ್ಲಿಂದಲೇ ಶುರು ಮಾಡುತ್ತೇನೆ. ತನ್ನ ಒಡ್ಡು ಗಟ್ಟಿಯಾಗಿಟ್ಟುಕೊಳ್ಳದೆ, ಅದು ಒಡೆದು ಪಕ್ಕದವರ ಬೆಳೆ ಹಾಳಾದರೆ ಅವನೇ ನಷ್ಟ ತುಂಬಬೇಕು ಅಂತ ಅದರಲ್ಲಿದೆ. ಕಾಲುವೆ ಸಾಲಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಅವರ ಮನೆಗಳಲ್ಲಿ ನೀರಿನ ಜಗಳ ಪ್ರತಿ ವರ್ಷ ಇದ್ದದ್ದೇ.

ಮೆಸೊಪೊಟೇಮಿಯದ ದಕ್ಷಿಣ ಭಾಗವಾದ ಸುಮೇರಿನಲ್ಲಿ ಶತಮಾನಗಟ್ಟಲೆ ನೀರು ಹಾಯಿಸಿ ನೆಲದಲ್ಲಿ ಉಪ್ಪು ಸೇರಿತು, ಗೋಧಿ ಕಡಿಮೆಯಾಗಿ ಉಪ್ಪು ತಡೆಯುವ ಜವೆಗೋಧಿ ಜಾಸ್ತಿಯಾಯಿತು ಅಂತ ಹೇಳುತ್ತಿದ್ದೆ. ಒಬ್ಬ ಹುಡುಗಿ ತಟ್ಟನೆ ಅಂದಳು, ‘ಸರ್, ನಮ್ಮ ಹೊಲದಾಗೂ ಬೆಳ್ಳಗ ಉಪ್ಪು ಬಂದೈತ್ರಿ. ಸವಳು ಅಂತಾರ.’

ಇಡೀ ತರಗತಿ ಸುಮ್ಮನಾಯಿತು. ಸವಳು-ಜವಳು, ಅಂದರೆ ಉಪ್ಪೇರಿ, ನೀರು ನಿಂತು ಕೆಟ್ಟ ನೆಲ, ಅಲ್ಲಿ ಎಲ್ಲರಿಗೂ ಗೊತ್ತು. ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಲು ಶುರುವಾದದ್ದು 1953ರಲ್ಲಿ. ಅಜ್ಜಂದಿರು ಜೋಳ ಬೆಳೆಯುತ್ತಿದ್ದ ಕಡೆ ಭತ್ತ ಬಂತು. ಕೆಲವು ತಗ್ಗಿನ ಹೊಲಗಳಲ್ಲಿ ನೀರು ನಿಂತು ಉಪ್ಪು ಮೇಲೆ ಬಂತು. ನಾಲ್ಕು ಸಾವಿರ ವರ್ಷದ ಹಿಂದಿನ ರೈತನ ಕಷ್ಟ ಮಕ್ಕಳಿಗೆ ಪಕ್ಕದ ಮನೆಯದ್ದಾಯಿತು.

ತಳದಲ್ಲಿ ತೂತಿರುವ ಒಂದು ಕುಂಡಕ್ಕೆ ಮಣ್ಣು ತುಂಬಿ, ಉಪ್ಪುನೀರಿನ ತಟ್ಟೆಯಲ್ಲಿ ಇಟ್ಟೆವು. ನೀರು ಕೆಳಗಿಂದ ಏರಿತು, ಬಿಸಿಲಿಗೆ ಆರಿತು. ವಾರದೊಳಗೆ ಮೇಲೆ ಬಿಳಿ ಪೊರೆ ಕಟ್ಟಿತು. ಹಾಗಾದರೆ ಈಜಿಪ್ಟಿಗೆ ಸವಳು ಯಾಕೆ ಅಷ್ಟಾಗಿ ಬರಲಿಲ್ಲ? ಉತ್ತರ ಮಕ್ಕಳಿಂದಲೇ ಬಂತು: ಪ್ರತಿ ವರ್ಷದ ಪ್ರವಾಹ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು. 1970ರಲ್ಲಿ ಆಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಆ ಪ್ರವಾಹವೂ ನಿಂತಿತು, ಈಗ ಅಲ್ಲಿನ ರೈತರಿಗೂ ಸವಳಿನ ಚಿಂತೆ ಇದೆ ಅಂತ ನಾನು ಸೇರಿಸಿದೆ.

ಇದಕ್ಕೆಲ್ಲ ಜಾಸ್ತಿ ಪೀರಿಯಡ್ ಬೇಕು. ರಾಜವಂಶಗಳ ಹೆಸರುಗಳನ್ನು ನಾನು ಚಿಕ್ಕದಾಗಿ ಮುಗಿಸುತ್ತೇನೆ. ಅದಕ್ಕೆ ನನಗೆ ಬೇಸರವಿಲ್ಲ.

ಮರುವಾರ ಆ ಹುಡುಗಿ ಕ್ಯಾರಿಬ್ಯಾಗಿನಲ್ಲಿ ತಮ್ಮ ಹೊಲದ ಮಣ್ಣು ತಂದಳು. ‘ಸರ್, ಇದನ್ನೂ ತೊಳಿಯಾಕ ಬರ್ತೈತೇನ್ರಿ?’ ಕುಂಡಕ್ಕೆ ತುಂಬಿ, ಸಿಹಿನೀರು ಹಾಕಿ, ಕೆಳಗೆ ಬಟ್ಟಲು ಇಟ್ಟೆವು. ಬಟ್ಟಲಿಗೆ ಇಳಿದ ನೀರನ್ನು ಬಿಸಿಲಿಗಿಟ್ಟಾಗ ತಳದಲ್ಲಿ ಉಪ್ಪು ಉಳಿಯಿತು. ಆಮೇಲೆ ತಳದ ತೂತನ್ನು ಮಣ್ಣಿನಿಂದ ಮುಚ್ಚಿ ಮತ್ತೆ ನೀರು ಹಾಕಿದೆವು. ನೀರು ಅಲ್ಲೇ ನಿಂತಿತು. ಅವಳು ಸ್ವಲ್ಪ ಹೊತ್ತು ನೋಡಿ, ‘ನಮ್ಮ ಬಸಿಗಾಲುವೆನೂ ಹಿಂಗ ಹೂಳು ತುಂಬೈತ್ರಿ, ಅಪ್ಪಗ ಹೇಳ್ತೀನಿ’ ಅಂದಳು.