ಸಿಟಿ ಬಸ್ಸಿನ ಎಡ ಕಿಟಕಿಯಿಂದ ಮಂಗಳೂರು ಓದುವುದು

ಭೂಗೋಳದ ಮೇಷ್ಟ್ರಾಗಿ ನಾನು ಮಕ್ಕಳಿಗೆ ನಗರದ ಪಾಠ ಶುರು ಮಾಡುತ್ತಿದ್ದುದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ. ಮೊದಲು ಬಸ್ ಹತ್ತಬೇಡಿ, ದೋಣಿಗಳು ನಿಲ್ಲುವ ದಕ್ಕೆ ಕಡೆಗೆ ನಡೆಯಿರಿ. ನೇತ್ರಾವತಿ, ಫಲ್ಗುಣಿ ಕಡಲು ಸೇರುವುದು ಇಲ್ಲೇ ಹತ್ತಿರ. ದೋಣಿಗೆ ಆಸರೆ ಸಿಕ್ಕಿದಲ್ಲಿ ಗೋದಾಮು, ಗೋದಾಮಿನ ಹಿಂದೆ ಅಂಗಡಿ, ಮನೆ. ಬೀದಿ ಕಿರಿದು, ಒಣಮೀನಿನ ವಾಸನೆ ಜಾಸ್ತಿ. ಹಳೆಯ ಊರು ಅಂದರೆ ಇದು.

ಈಗ ಸುರತ್ಕಲ್ ಬಸ್ ಹತ್ತಿ, ಎಡಗಡೆ ಕೂತುಕೊಳ್ಳಿ. ಪ್ರತಿ ಸ್ಟಾಪಿನಲ್ಲೂ ಕಟ್ಟಡದ ಮಹಡಿ ಎಣಿಸಿ ಬರೆದುಕೊಳ್ಳಿ. ನಗರದ ನಡುವಿನ ಹಂಪನಕಟ್ಟೆಯಲ್ಲಿ ನೆಲ ದುಬಾರಿ, ಹಾಗಾಗಿ ಎಲ್ಲವೂ ಮೇಲಕ್ಕೆ ಏರಿದೆ. ದೂರ ಹೋದಂತೆ ಅಂಗಳ, ತೆಂಗು ಕಾಣಿಸುತ್ತವೆ.

ನಗರ ನಡುವಿನಿಂದ ಬಳೆ ಬಳೆಯಾಗಿ ಹರಡುತ್ತದೆ ಎಂದು ಸಮಾಜಶಾಸ್ತ್ರಜ್ಞ ಬರ್ಜೆಸ್ 1925ರಲ್ಲಿ ಷಿಕಾಗೋ ನೋಡಿ ಹೇಳಿದರು. ನಮಗೆ ಅರ್ಧ ಬಳೆಯೇ ಗತಿ, ಪಡುವಣಕ್ಕೆ ಕಡಲಿದೆ ಅಲ್ವಾ!

ಪಣಂಬೂರಿನಲ್ಲಿ ಆ ಲೆಕ್ಕವೂ ತಪ್ಪುತ್ತದೆ. 1974ರಲ್ಲಿ ಪ್ರಮುಖ ಬಂದರಾದ ನವಮಂಗಳೂರು ಬಂದರು ಇಲ್ಲಿದೆ. ಸುತ್ತ ಗೊಬ್ಬರದ ಕಾರ್ಖಾನೆ, ಲಾರಿಗಳ ಸಾಲು, ಊಟದ ಹೋಟೆಲು. ಒಂದೇ ನಗರಕ್ಕೆ ಹಲವು ನಡುಗಳಿರಬಹುದು ಎಂದು ಭೂಗೋಳಶಾಸ್ತ್ರಜ್ಞರಾದ ಹ್ಯಾರಿಸ್, ಉಲ್ಮನ್ 1945ರಲ್ಲಿ ಹೇಳಿದ್ದು ಇದನ್ನೇ. ಇನ್ನೊಂದು ದಿನ ದೇರಳಕಟ್ಟೆ ಬಸ್ ಹತ್ತಿ. ಅಲ್ಲಿ ಹೊಸ ನಡು ಹುಟ್ಟಿಸಿದ್ದು ಬಂದರಲ್ಲ, ಮೆಡಿಕಲ್ ಕಾಲೇಜುಗಳು.