ಗುಜರಿ ಅಂಗಡಿಯಿಂದ ನನ್ನ ಕಿಟಕಿಗೆ ಬಂದ ಬಾಟಲಿಗಳು

ಮೈಸೂರಿನ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಈಗ 43 ಹಳೇ ಬಾಟಲಿಗಳಿವೆ. ಮೊದಲು ಬಂದದ್ದು ಒಂದು ಗೋಲಿ ಸೋಡಾ ಬಾಟಲಿ. ಒಂಬತ್ತು ವರ್ಷದ ಹಿಂದೆ ಹಳೇ ಪೇಪರ್ ಹಾಕಲು ಗುಜರಿ ಅಂಗಡಿಗೆ ಹೋಗಿದ್ದೆ. ಒಡೆದ ಗಾಜಿನ ರಾಶಿಯ ಪಕ್ಕದಲ್ಲಿ ಅದು ಬಿದ್ದಿತ್ತು. ಎತ್ತಿದೆ, ಒಳಗಿನ ಗೋಲಿ ಟಣ್ ಅಂತು. "ವಾಷರ್ ಹೋಗಿದೆ ಅಕ್ಕ, ಸೋಡಾ ನಿಲ್ಲಲ್ಲ" ಅಂದರು ಅಂಗಡಿಯವರು. "ಇರಲಿ ಅಣ್ಣ, ನನಗೆ ಬಾಟ್ಲಿ ಸಾಕು" ಅಂತ 60 ರೂಪಾಯಿ ಕೊಟ್ಟು ತಂದೆ.

ಮನೆಗೆ ಬಂದು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಎಂಥ ಬುದ್ಧಿವಂತಿಕೆ ಅದರಲ್ಲಿ! ಸೋಡಾ ತುಂಬುವಾಗ ಬಾಟಲಿಯನ್ನು ತಲೆಕೆಳಗು ಮಾಡುತ್ತಾರೆ. ಗೋಲಿ ಬಾಯಿಯ ರಬ್ಬರ್ ವಾಷರಿಗೆ ಬಂದು ಕೂರುತ್ತದೆ. ಒಳಗಿನ ಗ್ಯಾಸ್ ಅದನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಬೇರೆ ಮುಚ್ಚಳವೇ ಬೇಡ. ಕುತ್ತಿಗೆಯಲ್ಲಿ ಎರಡು ತಗ್ಗುಗಳಿವೆ. ಆ ಕಡೆ ಕೆಳಗೆ ಬರುವಂತೆ ಬಗ್ಗಿಸಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ, ಸೋಡಾ ಸಲೀಸಾಗಿ ಬೀಳುತ್ತದೆ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬವರು 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಲ್ಲಿ ಇದು ಬಳಕೆ ತಪ್ಪಿ ಎಷ್ಟೋ ಕಾಲವಾಯಿತು. ನಮ್ಮಲ್ಲಿ ಇವತ್ತಿಗೂ ಜಾತ್ರೆಗೆ ಹೋದರೆ ಸಿಗುತ್ತದೆ, ಅಲ್ವಾ? ಹಳೆಯವು ಹೆಚ್ಚು ಉಳಿಯದೇ ಇರುವುದಕ್ಕೆ ಮಕ್ಕಳೂ ಒಂದು ಕಾರಣ. ಗೋಲಿ ಬೇಕು ಅಂತ ಬಾಟಲಿಯನ್ನೇ ಒಡೆಯುತ್ತಿದ್ದರು.

ಅಲ್ಲಿಂದ ಬಾಟಲಿಯನ್ನು ಬೆರಳಿನಿಂದ ಓದುವುದು ಕಲಿತೆ. ಪಕ್ಕದಲ್ಲಿ ಅಚ್ಚಿನ ಗೆರೆ ಇರುತ್ತದೆ. ಉಗುರು ತಾಗಿಸಿ ಅದನ್ನು ಮೇಲಕ್ಕೆ ಹಿಂಬಾಲಿಸಿ. ಗೆರೆ ಕುತ್ತಿಗೆಯಲ್ಲೇ ಮುಗಿದರೆ ಬಾಯಿಯನ್ನು ಕೈಯಲ್ಲಿ ತಿದ್ದಿದ್ದಾರೆ ಎಂದು ಅರ್ಥ. ಬಾಯಿಯ ತುದಿಯವರೆಗೂ ಹೋದರೆ ಅದು ಸಾಮಾನ್ಯವಾಗಿ ಯಂತ್ರದ್ದು. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಮೈಕೆಲ್ ಓವೆನ್ಸ್ ಪೂರ್ತಿ ತಾನಾಗಿ ಬಾಟಲಿ ಮಾಡುವ ಯಂತ್ರ ತಂದ ಮೇಲೆ ಇಂಥವು ಜಾಸ್ತಿಯಾದವು. ಗೋಲಿ ಸೋಡಾಕ್ಕೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಗೋಲಿ ಒಳಗೆ ಹಾಕಿದ ಮೇಲೆಯೇ ಬಾಯಿಯನ್ನು ಕಿರಿದು ಮಾಡಬೇಕು. ಹಾಗಾಗಿ ಹೊಸದಾದರೂ ಬಾಯಿಯ ಕೆಲಸ ಬೇರೆಯಾಗಿಯೇ ಆಗುತ್ತದೆ.

ತಳವನ್ನೂ ನೋಡಿ. ನಾನು ನೋಡದೆ ಮೋಸ ಹೋದೆ. ಒಂದು ಅಂಗಡಿಯಲ್ಲಿ ಕಡುನೀಲಿ ಬಾಟಲಿಯೊಂದಕ್ಕೆ 1,800 ರೂಪಾಯಿ ತೆತ್ತೆ. ನೂರು ವರ್ಷದ್ದು ಅಂದಿದ್ದರು. ಒಳಗೆ ಗಾಳಿಗುಳ್ಳೆಗಳಿದ್ದವು, ಅಷ್ಟಕ್ಕೇ ನಂಬಿಬಿಟ್ಟೆ. ಮನೆಯಲ್ಲಿ ಭೂತಗನ್ನಡಿ ಹಿಡಿದರೆ ತಳದಲ್ಲಿ ಒಂದು ಗೀರೂ ಇಲ್ಲ. ನೂರು ವರ್ಷ ಕಪಾಟು, ಕಲ್ಲು, ಜಗಲಿ ಮೇಲೆ ಕೂತ ಬಾಟಲಿಯ ತಳದ ಅಂಚು ಸವೆದಿರಲೇಬೇಕು. ಆ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಒಂದೇ ದಿಕ್ಕಿಗಿದ್ದರೆ ಯಾರೋ ಉಜ್ಜಿದ್ದಾರೆ ಎಂದೇ ತಿಳಿಯಿರಿ. ಗುಳ್ಳೆಗಳನ್ನು ಈಗಲೂ ಬೇಕೆಂದೇ ಮಾಡುತ್ತಾರೆ.

ನನಗೆ ತುಂಬಾ ಪ್ರೀತಿಯದು ಮಾತ್ರ ದುಡ್ಡು ಕೊಟ್ಟು ತಂದದ್ದಲ್ಲ. ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯ ಅಟ್ಟದಲ್ಲಿ ಸಿಕ್ಕ ಔಷಧಿ ಬಾಟಲಿ ಅದು. ಹಿಂದೆ ಆಸ್ಪತ್ರೆಗೆ ಹೋಗುವಾಗ ಬಾಟಲಿಯನ್ನು ಮನೆಯಿಂದಲೇ ಒಯ್ಯಬೇಕಿತ್ತಂತೆ. ಕಾಂಪೌಂಡರ್ ಮಿಕ್ಸ್ಚರ್ ತುಂಬಿ, ಕಾಗದದ ಪಟ್ಟಿಯನ್ನು ಮಡಚಿ ಹಲ್ಲುಹಲ್ಲಾಗಿ ಕತ್ತರಿಸಿ ಪಕ್ಕಕ್ಕೆ ಅಂಟಿಸುತ್ತಿದ್ದರು. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧಿ. ಓದು ಬಾರದವರಿಗೂ ತಿಳಿಯುತ್ತಿತ್ತು. ನಮ್ಮ ಬಾಟಲಿಯಲ್ಲಿ ಆ ಕಾಗದ ಇನ್ನೂ ಇದೆ, ಆರು ಹಲ್ಲು. ಅದನ್ನು ನಾನು ತೊಳೆದಿಲ್ಲ, ತೊಳೆಯುವುದೂ ಇಲ್ಲ. ಬಿಸಿಲಿಗೆ ಕಾಗದ ಪುಡಿಯಾಗುತ್ತದೆ ಅಂತ ಬೀರುವಿನಲ್ಲಿಟ್ಟಿದ್ದೇನೆ. ಪಕ್ಕದಲ್ಲೇ ಅಜ್ಜಿಯ ಸೀಮೆಎಣ್ಣೆ ಬುಡ್ಡಿ. ಅದೂ ಮೊದಲು ಔಷಧಿ ಸೀಸೆಯೇ. ಆಮೇಲೆ ತಗಡಿನ ಮುಚ್ಚಳಕ್ಕೆ ತೂತು ಹೊಡೆದು ಬತ್ತಿ ಹಾಕಿದ್ದಾರೆ.

ತೊಳೆಯುವುದರಲ್ಲಿ ನನ್ನದು ದೊಡ್ಡ ತಪ್ಪಾಗಿದೆ. ಕಂದು ಬಣ್ಣದ ಚಂದದ ಸೀಸೆಯೊಂದಕ್ಕೆ ಕುದಿನೀರು ಹುಯ್ದೆ, ಬುಡ ಕಳಚಿ ಸಿಂಕಿನಲ್ಲಿ ಉಳಿಯಿತು. ಹಳೇ ಗಾಜಿನ ದಪ್ಪ ಒಂದೇ ಸಮ ಇರುವುದಿಲ್ಲ. ಬಿಸಿ ತಾಗಿದಾಗ ತೆಳು ಕಡೆ ಬೇಗ ಹಿಗ್ಗುತ್ತದೆ, ದಪ್ಪ ಕಡೆ ಹಿಗ್ಗುವುದಿಲ್ಲ, ಸೀಳುತ್ತದೆ. ಈಗ ತಣ್ಣೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ ಎರಡು ದಿನ ನೆನೆಸುತ್ತೇನೆ. ಆಮೇಲೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಕುಲುಕುತ್ತೇನೆ. ಮರಳು ಬೇಡ, ಗೀರು ಬೀಳುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಹುಣಸೆಹುಳಿ ಸಾಕು. ಔಷಧಿ ಸೀಸೆಯಾದರೆ ಕೈಗವಸು ಹಾಕಿಕೊಳ್ಳಿ. ಒಳಗೆ ಉಳಿದದ್ದನ್ನು ಮೂಸಿ ನೋಡಬೇಡಿ. ಎಷ್ಟೇ ಹೊಳೆದರೂ ಅದರಲ್ಲಿ ಕುಡಿಯುವ ನೀರು, ಎಣ್ಣೆ ಇಡಬೇಡಿ.

ಬಿರಡೆ ಒಳಗೆ ಬಿದ್ದಿದ್ದರೆ ಒಂದು ಉಪಾಯವಿದೆ. ತೆಳು ಬಟ್ಟೆಯ ಪಟ್ಟಿಯನ್ನು ಒಳಗೆ ಇಳಿಬಿಟ್ಟು, ಬಾಟಲಿ ಬಗ್ಗಿಸಿ ಬಿರಡೆಯನ್ನು ಬಟ್ಟೆಯ ಮೇಲೆ ಕುತ್ತಿಗೆಗೆ ತನ್ನಿ. ಮೆಲ್ಲಗೆ ಎಳೆದರೆ ಬಟ್ಟೆಯ ಜೊತೆ ಅದೂ ಬರುತ್ತದೆ.

ಕೆಲವು ಸೀಸೆಗಳು ಒದ್ದೆ ಇದ್ದಾಗ ತಿಳಿಯಾಗಿ ಕಾಣುತ್ತವೆ, ಒಣಗಿದರೆ ಮತ್ತೆ ಹಾಲಿನ ಹಾಗೆ ಮಬ್ಬು. ಅದು ಕೊಳೆಯಲ್ಲ. ವರ್ಷಗಟ್ಟಲೆ ಒದ್ದೆ ಮಣ್ಣಿನಲ್ಲಿದ್ದು ಗಾಜಿನ ಮೇಲ್ಪದರವೇ ಸವೆದಿದೆ. ಯಾವ ಸೋಪಿಗೂ ಹೋಗುವುದಿಲ್ಲ. ನನಗೆ ಆ ಮಬ್ಬೂ ಇಷ್ಟ.

ಇನ್ನು ಅಲಂಕಾರ. ಬಣ್ಣ ಬಳಿಯುವುದು, ಸೆಣಬಿನ ಹಗ್ಗ ಸುತ್ತುವುದು ಹೊಸ ಬಾಟಲಿಗೆ ಸರಿ. ಹಳೆಯದಕ್ಕೆ ಬೇಡವೇ ಬೇಡ. ದೀಪಕ್ಕೆ ಅಂತ ತೂತು ಕೊರೆಯುವುದೂ ಬೇಡ. ಅದಕ್ಕೆ ಬೇಕಾದದ್ದು ಬೆಳಕು ಅಷ್ಟೇ. ನಾನು ಕಿಟಕಿಗೆ ಅಡ್ಡ ಒಂದು ಹಲಗೆ ಹೊಡೆಸಿದೆ, ಬೆಕ್ಕು ಬೀಳಿಸದ ಹಾಗೆ ಅಂಚಿಗೆ ಒಂದು ಪಟ್ಟಿ. ಬೆಳಿಗ್ಗೆ ಏಳಕ್ಕೆ ಬಿಸಿಲು ಬಂದರೆ ನೆಲದ ಮೇಲೆ ಬಣ್ಣಗಳು ಬೀಳುತ್ತವೆ. ತಿಳಿಹಸಿರು ಬರುವುದು ಮರಳಿನಲ್ಲಿನ ಕಬ್ಬಿಣದ ಅಂಶದಿಂದ, ಕಡುನೀಲಿ ಕೋಬಾಲ್ಟಿನಿಂದ. ಮ್ಯಾಂಗನೀಸ್ ಬೆರೆಸಿದ ಹಳೇ ಬಿಳಿ ಗಾಜು ವರ್ಷಾನುಗಟ್ಟಲೆ ಬಿಸಿಲು ಕುಡಿದು ನಸು ನೇರಳೆಗೆ ತಿರುಗುತ್ತದೆ. ನನ್ನಲ್ಲಿ ಅಂಥದ್ದು ಒಂದೇ ಒಂದಿದೆ.

ಹೂ ಇಡುವುದಾದರೆ ಒಂದು ಬಾಟಲಿಗೆ ಒಂದೇ ಸುಗಂಧರಾಜದ ಕಡ್ಡಿ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ನೀರು ತುಂಬಿದ ದುಂಡು ಬಾಟಲಿಯನ್ನು ಪರದೆಯ ಹತ್ತಿರ ಬಿಸಿಲಲ್ಲಿ ಬಿಡಬೇಡಿ. ಅದು ಭೂತಗನ್ನಡಿಯ ಹಾಗೆ ಕೆಲಸ ಮಾಡಿ ಬಟ್ಟೆ ಸುಡಬಹುದು.

ಮುಂದಿನ ವಾರ ಬಡಗಿ ಅಡುಗೆಮನೆ ಕಿಟಕಿಗೆ ಇನ್ನೊಂದು ಹಲಗೆ ಹೊಡೆಯಲು ಬರುತ್ತಾರೆ. ಮಸಿ ಕುಡಿಕೆಗಳೆಲ್ಲ ಅಲ್ಲಿಗೆ.