ಕಾರಿಗೆ ಕರೆಂಟು, ಕರೆಂಟಿಗೆ ನೆಲ

ಪುಣೆಯಲ್ಲಿ ಕಾರ್ ಚಾರ್ಜರ್ ಕೂರಿಸಲು ಕರೆಯುವವರು ಮೊದಲು ಕೇಳುವುದು, "ಯಾವ ಕಂಪನಿದು ಹಾಕ್ತೀರಿ?" ನಾನು ಮೊದಲು ಕೇಳುವುದು, "ಅರ್ತಿಂಗ್ ಗುಂಡಿ ಎಲ್ಲಿದೆ, ತೋರಿಸಿ." ಅಪಾರ್ಟ್‌ಮೆಂಟ್ ಸೊಸೈಟಿ ಪಾರ್ಕಿಂಗಿನ 7.4 ಕಿಲೋವ್ಯಾಟ್ ಚಾರ್ಜರ್ ಇರಲಿ, ಹೆದ್ದಾರಿ ಬದಿಯ ಉಡುಪಿ ಹೋಟೆಲಿನ ಅಂಗಳದಲ್ಲಿರುವ 60 ಕಿಲೋವ್ಯಾಟ್ ಯಂತ್ರ ಇರಲಿ, "ಚಾರ್ಜಿಂಗ್ ನಿಂತು ಹೋಯ್ತು" ಎಂದು ಬರುವ ಫೋನುಗಳಲ್ಲಿ ಬಹುಪಾಲು ಕೊನೆಗೆ ನೆಲಕ್ಕೇ ಬಂದು ನಿಲ್ಲುತ್ತವೆ. ಅದೇ ಕಾರನ್ನು ಜನವರಿಯಲ್ಲಿ ಹಿಮಾಚಲದ ಮನಾಲಿ ದಾಟಿಸಿ ಲಾಹೌಲ್‌ಗೆ ಒಯ್ದರೂ ತಕರಾರು ಇದೇ. ಕಾರಣ ಮಾತ್ರ ಬೇರೆ.

ಚಾರ್ಜರ್ ಮತ್ತು ಕಾರು ಮಾತಾಡಿಕೊಳ್ಳುವುದು ಪೈಲಟ್ ಎಂಬ ಒಂದು ಸಣ್ಣ ತಂತಿಯಲ್ಲಿ. ಗನ್ (ಕಾರಿಗೆ ಸಿಕ್ಕಿಸುವ ಹಿಡಿ) ಖಾಲಿ ಇದ್ದಾಗ ಅದರಲ್ಲಿ 12 ವೋಲ್ಟ್, ಕಾರಿಗೆ ಸಿಕ್ಕಿಸಿದಾಗ 9, ಚಾರ್ಜಿಂಗ್ ಶುರುವಾದಾಗ 6. ಎಷ್ಟು ಆಂಪಿಯರ್ ಎಳೆಯಬಹುದು ಎಂಬುದನ್ನು ಸೆಕೆಂಡಿಗೆ 1000 ಸಲ ಮಿಡಿಯುವ ಅದೇ ಸಿಗ್ನಲ್ಲಿನ ಅಗಲ, ಅಂದರೆ ಪ್ರತಿ ಮಿಡಿತದಲ್ಲಿ ಅದು ಎಷ್ಟು ಪಾಲು ಹೊತ್ತು ಆನ್ ಇರುತ್ತದೆ ಎಂಬುದು, ಹೇಳುತ್ತದೆ. ಶೇ. 53 ಅಂದರೆ 32 ಆಂಪಿಯರ್, ಅದರ ಅರ್ಧ ಅಂದರೆ 16. ಇದೆಲ್ಲ ಅಳತೆಯಾಗುವುದು ಅರ್ತ್ ತಂತಿಯನ್ನು ಸೊನ್ನೆ ಎಂದು ಹಿಡಿದು. ಅರ್ತ್ ತುಂಡಾಗಿದ್ದರೆ ಮಾತುಕತೆಯೇ ಇಲ್ಲ. ಪೋರ್ಟಬಲ್ ಚಾರ್ಜರ್‌ಗಳು ಇನ್ನೂ ಮಡಿವಂತರು. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಹೆಚ್ಚು ವೋಲ್ಟ್ ಕಂಡರೂ ಕೆಂಪು ದೀಪ ಹಾಕಿ ಕೂರುತ್ತವೆ. ನಾನು 3 ವೋಲ್ಟ್ ಒಳಗಿದ್ದರೆ ಮಾತ್ರ ಮುಂದಿನ ಕೆಲಸಕ್ಕೆ ಕೈ ಹಾಕುತ್ತೇನೆ.

ಪುಣೆಯ ನೆಲ ಅಂದರೆ ದಖ್ಖನ್ನಿನ ಕರಿಕಲ್ಲು. ಮೇಲೆ ಮೂರ್ನಾಲ್ಕು ಅಡಿ ಮಣ್ಣು, ಕೆಳಗೆ ಮುರುಮ್ ಎಂಬ ಜಲ್ಲಿಮಣ್ಣು, ಆಮೇಲೆ ಬಂಡೆ. ಸುತ್ತಿಗೆಯಲ್ಲಿ ಅರ್ತಿಂಗ್ ರಾಡ್ ಹೊಡೆಯಲು ಹೋದರೆ ಒಂದೂವರೆ ಮೀಟರಿಗೆ ಟಣ್ ಎಂದು ನಿಲ್ಲುತ್ತದೆ. "ಸರ್ರ, ಕಲ್ಲು ಬಂತ್ರಿ" ಎನ್ನುತ್ತಾನೆ ಕಲಬುರಗಿಯ ಹುಡುಗ. ಉಳಿದ ರಾಡನ್ನು ಕೊಯ್ದು ಮೇಲೆ ಮುಚ್ಚಳ ಹಾಕಿ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗೆ ಹೋದವರ ಗುಂಡಿಗಳನ್ನು ಬೇಕಾದಷ್ಟು ಅಗೆದಿದ್ದೇನೆ. ಕಲ್ಲು ಬಂದ ಕಡೆ ಕೊರೆಯುವ ಯಂತ್ರ ತರಿಸಿ 4 ಇಂಚಿನ ತೂತನ್ನು 20 ಅಡಿ ಇಳಿಸಬೇಕು. 250 ಮೈಕ್ರಾನ್ ತಾಮ್ರ ಹೊದಿಸಿದ, 17.2 ಮಿ.ಮೀ. ದಪ್ಪದ, 3 ಮೀಟರಿನ ಎರಡು ರಾಡ್‌ಗಳನ್ನು ಕಪ್ಲರ್‌ನಿಂದ ಜೋಡಿಸಿ ಬಿಡುವುದು. ಸುತ್ತಲೂ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ಬೆರೆತ ಕಾಂಪೌಂಡನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸುರಿಯಬೇಕು, 25 ಕೆ.ಜಿ.ಯ ಎರಡು ಚೀಲ ಹಿಡಿಯುತ್ತದೆ. ಗಾಳಿಗುಳ್ಳೆ ಉಳಿದರೆ ರಾಡಿಗೂ ಬಂಡೆಗೂ ಸಂಬಂಧವೇ ಇರುವುದಿಲ್ಲ, ಆದ್ದರಿಂದ ಪೈಪನ್ನು ತಳಕ್ಕೆ ಇಳಿಸಿ ಕೆಳಗಿನಿಂದ ತುಂಬಿಸುತ್ತ ಬರಬೇಕು. ಇದ್ದಿಲು, ಉಪ್ಪಿನ ಹಳೇ ಪದ್ಧತಿ ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ. ಮಳೆಗಾಲಗಳು ಕಳೆದಂತೆ ಉಪ್ಪು ತೊಳೆದು ಹೋಗುತ್ತದೆ, ಹೋಗುವಾಗ ಜಿಐ ಪೈಪನ್ನೂ ತಿಂದು ಹೋಗುತ್ತದೆ.

ಗುಂಡಿಯ ತಡೆ (ಕಡಿಮೆ ಇದ್ದಷ್ಟೂ ಒಳ್ಳೆಯದು) ಅಳೆಯಲು ಮೂರು ಟರ್ಮಿನಲ್ಲಿನ ಅರ್ತ್ ಟೆಸ್ಟರ್ ಬೇಕು. ಕರೆಂಟಿನ ಮೊಳೆ 30 ಮೀಟರ್ ದೂರ, ವೋಲ್ಟೇಜಿನ ಮೊಳೆ ಅದೇ ಗೆರೆಯಲ್ಲಿ ಅದರ ಶೇ. 62ಕ್ಕೆ, ಅಂದರೆ ಹದಿನೆಂಟೂವರೆ ಮೀಟರಿಗೆ. ಜುಲೈನಲ್ಲಿ 2 ಓಮ್ ತೋರಿಸಿದ ಗುಂಡಿ ಮೇ ತಿಂಗಳಲ್ಲಿ 8 ದಾಟಬಹುದು, ಹಾಗಾಗಿ ಲೆಕ್ಕಕ್ಕೆ ಹಿಡಿಯುವುದು ಬೇಸಿಗೆಯ ಅಂಕಿಯನ್ನೇ.

ಒಳ್ಳೆಯ ಗುಂಡಿ ಇದ್ದರೆ ಸಾಕು ಎಂದುಕೊಳ್ಳುವವರಿಗೆ ಒಂದು ಲೆಕ್ಕ. ಗುಂಡಿ 5 ಓಮ್ ಇದೆ, ಫೇಸ್ ತಂತಿ ಕಾರಿನ ಬಾಡಿಗೆ ತಾಗಿತು. ನೆಲಕ್ಕೆ ಹರಿಯುವುದು 230ನ್ನು 5ರಿಂದ ಭಾಗಿಸಿದರೆ ಬರುವ 46 ಆಂಪಿಯರ್. 32 ಆಂಪಿಯರ್ ಚಾರ್ಜರ್‌ಗೆ ಹಾಕುವ ಸಿ ಕರ್ವ್‌ನ 40 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ತಟ್ಟನೆ ಬೀಳಲು 200ರಿಂದ 400 ಆಂಪಿಯರ್ ಬೇಕು. 46ಕ್ಕೆ ಅದು ಸುಮ್ಮನೆ ನೋಡುತ್ತ ಕೂರುತ್ತದೆ, ಕಾರಿನ ಬಾಡಿ ಮುಟ್ಟಿದವರ ಗತಿ ಕೆಟ್ಟಂತೆ. ಜೀವ ಉಳಿಸುವುದು, ಕರೆಂಟು ಬೇರೆ ದಾರಿಯಲ್ಲಿ ಸೋರಿದ ಕೂಡಲೇ ಸಾಲನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರಲ್ಲೂ ಅಗ್ಗದ ಎಸಿ ಟೈಪ್ ಬೇಡ. ಕಾರಿನ ಚಾರ್ಜರಿನಿಂದ ಸ್ವಲ್ಪ ಡಿಸಿ ಸೋರಿದರೂ ಅದು ಕುರುಡಾಗುತ್ತದೆ. ಚಾರ್ಜರ್ ಒಳಗೆ 6 ಮಿಲಿಆಂಪಿಯರ್ ಡಿಸಿ ಪತ್ತೆ ಇದ್ದರೆ ಟೈಪ್ ಎ ಸಾಕು, ಇಲ್ಲದಿದ್ದರೆ ಟೈಪ್ ಬಿ ಹಾಕಬೇಕು. ದುಬಾರಿ, ಆದರೆ ಇಲ್ಲಿ ಚೌಕಾಸಿ ಮಾಡುವ ಸೊಸೈಟಿಯ ಕೆಲಸ ನಾನು ಒಪ್ಪುವುದಿಲ್ಲ.

ಕೇಬಲ್ ವಿಷಯ ಅಷ್ಟು ಕಷ್ಟದ್ದಲ್ಲ. 32 ಆಂಪಿಯರಿಗೆ 6 ಸ್ಕ್ವೇರ್ ಎಂಎಂ ತಾಮ್ರ ತಡೆಯುತ್ತದೆ, ಆದರೆ ಮೀಟರ್ ರೂಮಿನಿಂದ ಪಾರ್ಕಿಂಗಿಗೆ 40 ಮೀಟರ್ ಇದ್ದರೆ ದಾರಿಯಲ್ಲೇ 8 ವೋಲ್ಟ್ ಬಿದ್ದುಹೋಗುತ್ತದೆ. 10 ಸ್ಕ್ವೇರ್ ಎಂಎಂ ಹಾಕಿದರೆ 5ರೊಳಗೆ. ಹೆಚ್ಚು ತೊಂದರೆ ಕೊಡುವುದು ತುದಿಗಳು. ಮಿಕ್ಸಿ, ಇಸ್ತ್ರಿಪೆಟ್ಟಿಗೆಯ ಹಾಗೆ ಐದು ನಿಮಿಷದ ಕೆಲಸವಲ್ಲ ಇದು. ಆರು ತಾಸು ಎಡೆಬಿಡದೆ 32 ಆಂಪಿಯರ್ ಹರಿಯುತ್ತದೆ. ಸ್ಕ್ರೂ ಅರ್ಧ ಸುತ್ತು ಸಡಿಲ ಇದ್ದರೂ ಎಂಸಿಬಿಯ ಕಾಲು ಕಂದುತ್ತದೆ. ಕೂರಿಸಿದ ತಿಂಗಳ ನಂತರ ಮತ್ತೆ ಹೋಗಿ ಎಲ್ಲ ಸ್ಕ್ರೂ ಬಿಗಿಗೊಳಿಸುವುದು, ಅರ್ಧ ತಾಸು ಚಾರ್ಜ್ ಮಾಡಿ ತಾಪ ನೋಡುವ ಗನ್ ಹಿಡಿಯುವುದು. ಯಾವುದಾದರೂ ಒಂದು ಟರ್ಮಿನಲ್ ಪಕ್ಕದ್ದಕ್ಕಿಂತ 15 ಡಿಗ್ರಿ ಹೆಚ್ಚು ತೋರಿಸಿದರೆ ಬಿಚ್ಚಿ ತಂತಿಯ ತುದಿಗೆ ಹೊಸ ಲಗ್ (ಲೋಹದ ತೊಡಿಗೆ) ಒತ್ತಬೇಕು.

ಹೋಟೆಲಿನ 60 ಕಿಲೋವ್ಯಾಟ್ ಯಂತ್ರ ಮೂರು ಫೇಸಿನಲ್ಲಿ ಸುಮಾರು 90 ಆಂಪಿಯರ್ ಎಳೆಯುತ್ತದೆ. 125 ಆಂಪಿಯರ್ ಎಂಸಿಸಿಬಿ (ಎಂಸಿಬಿಯ ದೊಡ್ಡಣ್ಣ), 70 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್, ಎರಡೂವರೆ ಅಡಿ ಕಾಲುವೆ, ತಳಕ್ಕೆ ಮರಳು, ಮೇಲೆ ಇಟ್ಟಿಗೆ. "ಎದುರಿಗೇ ಇರ್ಲಿ ಮಾರಾಯ್ರೇ, ರಸ್ತೆಗೆ ಕಾಣ್ಬೇಕು" ಎನ್ನುತ್ತಾರೆ ಯಜಮಾನರು. ಕಾಣಲು ಬೋರ್ಡು ಸಾಕು, ಯಂತ್ರ ಟ್ರಾನ್ಸ್‌ಫಾರ್ಮರ್ ಹತ್ತಿರವೇ ಇರಲಿ. ಚಾರ್ಜಿಂಗ್ ಕೇಂದ್ರ ತೆರೆಯಲು ವಿದ್ಯುತ್ ಕಾಯ್ದೆಯಡಿ ಲೈಸೆನ್ಸ್ ಬೇಡ ಎಂದು ಕೇಂದ್ರ ಸರ್ಕಾರ 2018ರಲ್ಲೇ ಸ್ಪಷ್ಟ ಮಾಡಿದೆ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದಿಂದ ಇವಿ ದರದ ಪ್ರತ್ಯೇಕ ಮೀಟರ್ ತೆಗೆದುಕೊಂಡರೆ ಆಯಿತು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಫ್ಯಾನಿನ ಫಿಲ್ಟರ್ ತೊಳೆಯದಿದ್ದರೆ ಮಾಡ್ಯೂಲ್ ಬಿಸಿಯಾಗಿ 60 ಎಂದು ಬರೆದ ಯಂತ್ರ 30 ಕೊಡುತ್ತದೆ. ಮುಂಬೈಯಲ್ಲಿ ಬೇಸ್‌ಮೆಂಟಿಗೆ ನೀರು ನುಗ್ಗಿದ ಗುರುತು ಗೋಡೆಯ ಮೇಲೆ ಎಲ್ಲಿದೆ ನೋಡಿ ಅದಕ್ಕಿಂತ ಎರಡಡಿ ಮೇಲೆ ಪೆಟ್ಟಿಗೆ ಕೂರಿಸಬೇಕು. ಗೋವಾದಲ್ಲಿ ಉಪ್ಪುಗಾಳಿಗೆ ಬರೀ ತಾಮ್ರ ಹಸಿರಾಗುತ್ತದೆ, ತವರ ಲೇಪಿಸಿದ ಲಗ್ಗೇ ಬೇಕು.

ಇನ್ನು ಬಡಗಣ ಚಳಿಯ ಕಡೆಗೆ. ಪುಣೆಯಿಂದ ನಾಸಿಕ್, ಧುಳೆ, ಅಲ್ಲಿಂದ ಇಂದೋರ್. ಧುಳೆಯಲ್ಲಿ ಸಿಗುವ 52ನೇ ಹೆದ್ದಾರಿ ನಮ್ಮ ಅಂಕೋಲೆಯಲ್ಲಿ ಹುಟ್ಟಿ ಹುಬ್ಬಳ್ಳಿ, ವಿಜಯಪುರ ದಾಟಿ ಬಂದದ್ದೇ; ಪಂಜಾಬಿನ ಸಂಗ್ರೂರ್‌ವರೆಗೂ ಹೋಗುತ್ತದೆ. ಬಯಲಿನ ಪ್ರಯಾಣದಲ್ಲಿ ಬರೆಯುವಂಥದ್ದೇನೂ ಇಲ್ಲ. ಗಂಟೆಗೆ 80ರಿಂದ 90 ಕಿ.ಮೀ., ಯೂನಿಟ್ಟಿಗೆ 6 ಕಿ.ಮೀ., ಬ್ಯಾಟರಿ ಶೇ. 20ಕ್ಕೆ ಇಳಿಯುವ ಮುಂಚೆ ನಿಲ್ಲಿಸಿ 80ಕ್ಕೆ ಏರಿಸಿ ಹೊರಡುವುದು. ಲೆಕ್ಕ ತಪ್ಪುವುದು ಮನಾಲಿಯ ನಂತರ.

40 ಯೂನಿಟ್ ಬ್ಯಾಟರಿಯ ಕಾರು, ಮೂರು ಜನ, ಸಾಮಾನು ಸೇರಿ 1700 ಕೆ.ಜಿ. ಎನ್ನಿ. ಮನಾಲಿ 2050 ಮೀಟರ್ ಎತ್ತರದಲ್ಲಿದೆ, ಅಟಲ್ ಸುರಂಗದ ಬಾಯಿ 3000 ಮೀಟರ್ ದಾಟಿದೆ. ಸುರಂಗ ದಾಟಿ ಸಿಸ್ಸುವರೆಗೆ ಸುಮಾರು 40 ಕಿ.ಮೀ. ಬಯಲಿನ ಲೆಕ್ಕದಲ್ಲಿ 7 ಯೂನಿಟ್. 1000 ಮೀಟರ್ ಏರಿಸಲು ಇನ್ನೊಂದು 5. ಹೀಟರ್ 3 ಕಿಲೋವ್ಯಾಟ್ ಎಳೆಯುತ್ತದೆ, ದಾರಿ ಒಂದೂವರೆ ತಾಸು, ಅಲ್ಲಿಗೆ ಹತ್ತಿರ ಹತ್ತಿರ 5. ಒಟ್ಟು 17 ಯೂನಿಟ್, 40 ಕಿ.ಮೀ.ಗೆ! ಹಿಮ ಬಿದ್ದ ದಿನ ಸೋಲಂಗ್ ಹತ್ತಿರ ಮೂರು ತಾಸು ಸಾಲಿನಲ್ಲಿ ನಿಂತರೆ ಮತ್ತೆ 9. ನಿಧಾನ ಹೋದರೆ ಉಳಿಯುತ್ತದೆ ಎಂಬ ಬಯಲಿನ ಬುದ್ಧಿ ಇಲ್ಲಿ ನಡೆಯದು. ಹೀಟರ್ ತಿನ್ನುವುದು ತಾಸಿನ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಲ್ಲ. 90ರಲ್ಲಿ ಓಡಿದರೆ 100 ಕಿ.ಮೀ.ಗೆ ಹೀಟರಿನ ಪಾಲು ಮೂರು ಚಿಲ್ಲರೆ ಯೂನಿಟ್, 25ರಲ್ಲಿ ತೆವಳಿದರೆ 12. ಸೀಟ್ ಬಿಸಿ ಮಾಡುವ ಸೌಲಭ್ಯ ಇದ್ದರೆ ಅದನ್ನು ಹಾಕಿ, ಒಳಗಿನ ಗಾಳಿಯನ್ನು 18 ಡಿಗ್ರಿಗೆ ಇಳಿಸಿ. ಸೀಟಿಗೆ ಹೋಗುವುದು ನೂರು ವ್ಯಾಟಿನ ಆಸುಪಾಸು ಮಾತ್ರ.

ಹೋಮ್‌ಸ್ಟೇ ತಲುಪಿದ ಕೂಡಲೇ, ಚಹಾ ಕುಡಿಯುವ ಮುಂಚೆ, ಪ್ಲಗ್ ಹಾಕಬೇಕು. ಓಡಿ ಬಂದ ಬ್ಯಾಟರಿ ಇನ್ನೂ ಬೆಚ್ಚಗಿರುತ್ತದೆ. ರಾತ್ರಿಯಿಡೀ ಮೈನಸ್ 10ರಲ್ಲಿ ನಿಂತ ಬ್ಯಾಟರಿಗೆ ಬೆಳಿಗ್ಗೆ ಚಾರ್ಜ್ ಕೊಟ್ಟರೆ ಬ್ಯಾಟರಿ ಕಾಯುವ ಬಿಎಂಎಸ್ ಸರ್ಕ್ಯೂಟ್ ಒಪ್ಪುವುದಿಲ್ಲ. 0 ಡಿಗ್ರಿಗಿಂತ ಕೆಳಗೆ ಲಿಥಿಯಂ ಗ್ರಾಫೈಟಿನ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಅದು ಮತ್ತೆ ಸರಿಹೋಗದ ನಷ್ಟ. ನಮ್ಮಲ್ಲಿ ಹೆಚ್ಚಾಗಿ ಓಡುವ, ಲಿಥಿಯಂ ಕಬ್ಬಿಣ ಫಾಸ್ಫೇಟಿನ ಎಲ್‌ಎಫ್‌ಪಿ ಬ್ಯಾಟರಿಗೆ ಚಳಿ ಇನ್ನೂ ಆಗದು.

ಆದರೆ ಪ್ಲಗ್ ಹಾಕುವ ಮುಂಚೆ ಮಲ್ಟಿಮೀಟರ್. ಫೇಸ್–ನ್ಯೂಟ್ರಲ್ 200 ಸುತ್ತಮುತ್ತ ಇರುತ್ತದೆ. ಫೇಸ್–ಅರ್ತ್ ಕೂಡ ಅಷ್ಟೇ ಬರಬೇಕು. ಅಲ್ಲಿ 90–100 ಎಂದು ತೇಲುತ್ತಿದ್ದರೆ ಅರ್ತ್ ಇಲ್ಲ. ಗುಂಡಿ ಇದ್ದರೂ ಚಳಿಗಾಲದಲ್ಲಿ ಅದು ಸತ್ತಂತೆ. ಅರ್ತಿಂಗ್ ಕೈಪಿಡಿಗಳಲ್ಲಿರುವ ಹಳೆಯ ಪಟ್ಟಿಯ ಪ್ರಕಾರ 20 ಡಿಗ್ರಿಯಲ್ಲಿ 72 ಓಮ್-ಮೀಟರ್ ಇರುವ ಮಣ್ಣು, ಅದರ ನೀರು ಹೆಪ್ಪುಗಟ್ಟಿದೊಡನೆ 300ಕ್ಕೆ, ಮೈನಸ್ 5ರಲ್ಲಿ 790ಕ್ಕೆ, ಮೈನಸ್ 15ರಲ್ಲಿ 3300ಕ್ಕೆ ಏರುತ್ತದೆ. ಪುಣೆಯಲ್ಲಿ ಬಂಡೆ ಮಾಡುವ ಕೆಲಸವನ್ನು ಇಲ್ಲಿ ಮಂಜುಗಡ್ಡೆ ಮಾಡುತ್ತದೆ. ಆ ಕಡೆ ಚಾರ್ಜಿಂಗ್ ಪಾಯಿಂಟ್ ಕಟ್ಟುವವರಿಗೆ ಮದ್ದೂ ಒಂದೇ: ರಾಡ್ ಹೆಪ್ಪುಗಟ್ಟುವ ಪದರವನ್ನು ದಾಟಿ ಆಳಕ್ಕೆ ಹೋಗಬೇಕು. ಜೊತೆಗೆ ಚಾವಣಿಯ ಹಿಮ ಜಾರಿ ಬೀಳುವ ಕಡೆ ಪೆಟ್ಟಿಗೆ ಬೇಡ, ಕಟ್ಟೆ ಎರಡಡಿ ಇರಲಿ, ಒಳಗೆ ತೇವ ಕಟ್ಟದಂತೆ 50 ವ್ಯಾಟಿನ ಹೀಟರ್ ಇರಲಿ. ಪಿವಿಸಿ ಹೊದಿಕೆ ಚಳಿಗೆ ಸೆಟೆದು ಬಿರಿಯುತ್ತದೆ, ರಬ್ಬರ್ ಕೇಬಲ್ಲೇ ಆಗಬೇಕು. ಸಾಮಾನ್ಯ ಬ್ರೇಕರ್‌ಗಳ ಮೇಲೆ ಬರೆದ ಅಂಕಿ 2000 ಮೀಟರ್ ಎತ್ತರದವರೆಗೆ ಮಾತ್ರ. ಅದರ ಮೇಲೆ ತೆಳು ಗಾಳಿ ಬಿಸಿಯನ್ನು ಅಷ್ಟು ಒಯ್ಯುವುದಿಲ್ಲ, ಒಂದು ಮೆಟ್ಟಿಲು ದೊಡ್ಡದು ಹಾಕಬೇಕು.

ಅರ್ತ್ ಇಲ್ಲದ ಕಡೆ ಎಲ್ಲರೂ ಹೇಳಿಕೊಡುವ ಒಂದು ಉಪಾಯ ಇದೆ. ಪ್ಲಗ್ಗಿನೊಳಗೆ ನ್ಯೂಟ್ರಲ್ಲಿಗೂ ಅರ್ತಿಗೂ ಒಂದು ತುಂಡು ತಂತಿ ಸೇರಿಸಿದರೆ ಚಾರ್ಜರ್ ಮೋಸ ಹೋಗಿ ಹಸಿರು ದೀಪ ಹಾಕುತ್ತದೆ. ದಯವಿಟ್ಟು ಮಾಡಬೇಡಿ. ಹಿಮದ ಭಾರಕ್ಕೆ ಕಂಬದ ನ್ಯೂಟ್ರಲ್ ತುಂಡಾದ ಕ್ಷಣ, ಮನೆಯ ಗೀಸರಿನ ಮೂಲಕ ಫೇಸ್ ಬಂದು ಅದೇ ತುಂಡು ತಂತಿ ದಾಟಿ ಕಾರಿನ ಬಾಡಿಗೆ ಹತ್ತುತ್ತದೆ. ಹಿಮದಲ್ಲಿ ಒದ್ದೆ ಬೂಟು ಹಾಕಿ ನಿಂತವರು ಬಾಗಿಲ ಹಿಡಿ ಮುಟ್ಟುತ್ತಾರೆ. ಪ್ಲಗ್ಗಿನ ಸಾಲಿನಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಅಲ್ಲಿ ಬೀಳುವುದು ಏನೂ ಇಲ್ಲ. ಅರ್ತ್ ಸಿಗದಿದ್ದರೆ ಮುಂದಿನ ಮನೆ ನೋಡುವುದೇ ಸರಿ.

ಅರ್ತ್ ಸರಿ ಇದ್ದರೆ 10 ಆಂಪಿಯರಿಗೆ ಇಟ್ಟು ಶುರು ಮಾಡಿ, ಮತ್ತೆ ವೋಲ್ಟೇಜ್ ನೋಡಿ. 212 ಇದ್ದದ್ದು 200ಕ್ಕೆ ಬಿದ್ದರೆ, 12 ವೋಲ್ಟ್ ಗುಣಿಸು 10 ಆಂಪಿಯರ್, 120 ವ್ಯಾಟ್ ಮರದ ಗೋಡೆಯೊಳಗೆ ಎಲ್ಲೋ ಬಿಸಿಯಾಗುತ್ತಿದೆ. 6 ಆಂಪಿಯರಿಗೆ ಇಳಿಸಿ, ಇಲ್ಲವೇ ಬಿಡಿ. ಎಲ್ಲ ಸರಿ ಇದ್ದು 2 ಕಿಲೋವ್ಯಾಟ್ ಹತ್ತು ತಾಸು ಹೋದರೆ ನಷ್ಟ ಕಳೆದು 17 ಯೂನಿಟ್. ಹತ್ತಿ ಬಂದದ್ದಕ್ಕೆ ಸರಿಹೋಯಿತು.

ಬೆಳಿಗ್ಗೆ ಗನ್ ಬಿಚ್ಚದೆಯೇ ಕಾರಿನೊಳಗೆ ಬಿಸಿ ಮಾಡಿಕೊಳ್ಳಿ, ಆ ಕರೆಂಟು ಗೋಡೆಯದು. ಪೋರ್ಟಿನ ಬೀಗದ ಕಡ್ಡಿ ಹೆಪ್ಪುಗಟ್ಟಿದ್ದರೆ ಬಿಸಿನೀರು ಸುರಿಯಬೇಡಿ, ಐದು ನಿಮಿಷಕ್ಕೆ ಅದೇ ನೀರು ಇನ್ನೂ ಗಟ್ಟಿ ಬೀಗ ಹಾಕುತ್ತದೆ. ಹೇರ್ ಡ್ರೈಯರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಪುಣೆಯಿಂದ ತುಂಬಿಸಿ ತಂದ ವೈಪರ್ ನೀರನ್ನು ಚಂಡೀಗಢದಲ್ಲೇ ಖಾಲಿ ಮಾಡಿ ಹೆಪ್ಪುಗಟ್ಟದ ದ್ರವ ತುಂಬಿರಬೇಕು.

ಮರಳಿ ಇಳಿಯುವಾಗ ಬ್ಯಾಟರಿ 100 ಇದ್ದರೆ, ಅಥವಾ ತಣ್ಣಗಿದ್ದರೆ, ರೀಜೆನ್ (ವೇಗ ತಗ್ಗಿಸುವಾಗ ಮೋಟಾರೇ ಕರೆಂಟು ಮಾಡಿ ಬ್ಯಾಟರಿಗೆ ಮರಳಿಸುವುದು) ಕೆಲಸ ಮಾಡುವುದಿಲ್ಲ. 1000 ಮೀಟರ್ ಇಳಿತಕ್ಕೆ ಹಿಂತಿರುಗಿ ಸಿಗಬೇಕಾದ 3 ಯೂನಿಟ್ ಪೂರ್ತಿ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗುತ್ತದೆ. ಹಾಗಾಗಿ 85ಕ್ಕೇ ನಿಲ್ಲಿಸಿ ಹೊರಡುವುದು ಒಳ್ಳೆಯದು. ರಸ್ತೆ ಮೇಲೆ ಗಾಜಿನಂಥ ಮಂಜು ಕಂಡಾಗ ಮಾತ್ರ ರೀಜೆನ್ ಅನ್ನು ಕೈಯಾರೆ ಕನಿಷ್ಠಕ್ಕೆ ತನ್ನಿ. ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಅದು ಮುಂದಿನ ಎರಡು ಚಕ್ರಗಳನ್ನಷ್ಟೇ ಹಿಡಿಯುತ್ತದೆ, ಅವು ಜಾರಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತದೆ. ಹಿಮದಲ್ಲಿ ಜಾರದಂತೆ ಚೈನ್ ಕಟ್ಟುವುದೂ ಆ ಎರಡಕ್ಕೇ.